ಪರಿಸರಸ್ನೇಹಿ ವಸ್ತು ವಿನ್ಯಾಸ: ಹೊಟ್ಟೆ ತುಂಬುತ್ತಾ, ಮುಂದೆ ಪಾಠ ಮಾಡಬಹುದಾ?

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯವಳು. ಮೆಕ್ಯಾನಿಕಲ್ ಬಿ.ಇ. ಮುಗಿಸಿ, ಬೆಂಗಳೂರಿನ ಹತ್ತಿರ ವಾಹನ ಬಿಡಿಭಾಗ ಮಾಡುವ ಕಂಪನಿಯಲ್ಲಿ ಎರಡು ವರ್ಷದಿಂದ ಕ್ಯಾಡ್ ಕೆಲಸ ಮಾಡುತ್ತಿದ್ದೇನೆ. ಬೇರೆಯವರು ಹೇಳಿದ ಭಾಗವನ್ನು ಕಂಪ್ಯೂಟರಿನಲ್ಲಿ ಬರೆದುಕೊಡುವುದೇ ಕೆಲಸ. ಪರಿಸರಕ್ಕೆ ಹೊರೆಯಾಗದ ದಿನಬಳಕೆಯ ವಸ್ತುಗಳನ್ನು ನಾನೇ ವಿನ್ಯಾಸ ಮಾಡಬೇಕು, ಕೆಲವು ವರ್ಷ ಕಳೆದ ಮೇಲೆ ಅದನ್ನೇ ಕಲಿಸಬೇಕು ಎಂಬ ಆಸೆ. ಅಪ್ಪ ಮಾತ್ರ, "ಇರೋ ಕೆಲಸ ಬಿಟ್ಟು ಬಿದಿರಿನ ಬ್ರಷ್ ಮಾಡಾಕ ಹೊಂಟೀಯೇನ?" ಎನ್ನುತ್ತಾರೆ. ನನಗೆ ಚಿತ್ರ ಬರೆಯಲೂ ಬರುವುದಿಲ್ಲ. ಏನು ಓದಬೇಕು? ಕೆಲಸ ಸಿಗುತ್ತದಾ? ಈಗಲೇ ರಾಜೀನಾಮೆ ಕೊಡಲಾ?

ಉತ್ತರ: ನಿಮ್ಮ ಅಪ್ಪ ಕೇಳಿದ್ದು ಒಳ್ಳೆಯ ಪ್ರಶ್ನೆ. ಬಿದಿರಿನ ಬ್ರಷ್‌ನಿಂದಲೇ ಶುರು ಮಾಡುತ್ತೇನೆ.

ಅಂಗಡಿಯಲ್ಲಿ ಸಿಗುವ ಬಿದಿರಿನ ಬ್ರಷ್‌ಗಳಲ್ಲಿ ಬಹುಪಾಲಿನ ಹಿಡಿ ಮಾತ್ರ ಬಿದಿರು. ಎಳೆಗಳು ನೈಲಾನ್. ಹಳೆಯದನ್ನು ಗೊಬ್ಬರದ ಗುಂಡಿಗೆ ಹಾಕಬೇಕೆಂದರೆ ಮೊದಲು ಇಕ್ಕಳದಿಂದ ಎಳೆಗಳನ್ನು ಕೀಳಬೇಕು. ಯಾರು ಮಾಡ್ತಾರೆ ಹೇಳಿ? ಹಿಡಿ ಉಳಿಸಿಕೊಂಡು ತಲೆಯನ್ನಷ್ಟೇ ಬದಲಿಸುವ ಪ್ಲಾಸ್ಟಿಕ್ ಬ್ರಷ್ ನೋಡಲು ಪರಿಸರಸ್ನೇಹಿ ಅನ್ನಿಸುವುದಿಲ್ಲ. ಲೆಕ್ಕಕ್ಕೆ ಕೂತರೆ ಅದು ಬಿದಿರಿನದಕ್ಕೆ ಸರಿಸಮ ನಿಲ್ಲುತ್ತದೆ. ಅಪ್ಪನಿಗೆ ಧೈರ್ಯವಾಗಿ ಹೇಳಿ, ನೀವು ಹೊರಟಿರುವುದು ಬಿದಿರಿನ ಬ್ರಷ್ ಮಾಡಲಿಕ್ಕಲ್ಲ ಅಂತ.

ಇನ್ನು ಕೆಲಸದ ಮಾತು. "ಸಸ್ಟೇನಬಲ್ ಪ್ರಾಡಕ್ಟ್ ಡಿಸೈನರ್" ಎಂದು ಹೆಸರಿಟ್ಟ ಹುದ್ದೆಗಳು ನಮ್ಮಲ್ಲಿ ಬಹಳ ಕಡಿಮೆ. ಅದನ್ನೇ ಹುಡುಕುತ್ತಾ ಕೂತರೆ ಮನೆಯವರ ಭಯ ನಿಜವಾಗುತ್ತದೆ. ಆದರೆ ಆ ಕೆಲಸ ನಡೆಯುವ ಜಾಗಗಳು ಬೇಕಾದಷ್ಟಿವೆ. ಅಲ್ಲಿನ ಹುದ್ದೆಗಳ ಹೆಸರು ಬೇರೆ: ಮೆಕ್ಯಾನಿಕಲ್ ಡಿಸೈನ್ ಎಂಜಿನಿಯರ್, ಪ್ರಾಡಕ್ಟ್ ಡಿಸೈನರ್, ಪ್ಯಾಕೇಜಿಂಗ್ ಡಿಸೈನರ್, ಸರ್ವಿಸ್ ಎಂಜಿನಿಯರ್. ಒಂದು ವಸ್ತು ಭೂಮಿಗೆ ಎಷ್ಟು ಭಾರವಾಗುತ್ತದೆ ಎನ್ನುವುದು ತೀರ್ಮಾನವಾಗುವುದು ಈ ಮೇಜುಗಳ ಮೇಲೆ, ಯಾರೂ ಫೋಟೊ ಹಿಡಿಯದ ವಿವರಗಳಲ್ಲಿ. ಇಲ್ಲಿ ಸ್ಕ್ರೂ ಹಾಕುವುದಾ, ಅಂಟು ಹಾಕುವುದಾ? ಈ ಭಾಗ ಒಂದೇ ಸಿಗುತ್ತದಾ, ಇಡೀ ಜೋಡಣೆಯನ್ನೇ ಕೊಳ್ಳಬೇಕಾ? ಇಂಥ ಪ್ರಶ್ನೆಗಳು. ನೀವು ಈಗ ಕೂತಿರುವ ಮೇಜೂ ಅಂಥದ್ದೇ.

ಸೀಲಿಂಗ್ ಫ್ಯಾನನ್ನು ತೆಗೆದುಕೊಳ್ಳಿ. ನಾನು ತರಗತಿಯಲ್ಲಿ ಹೆಚ್ಚಾಗಿ ಬಳಸುವ ಉದಾಹರಣೆ ಇದು, ಯಾಕೆಂದರೆ ಇದರಲ್ಲಿ ಸುಲಭದ ಉತ್ತರ ಇಲ್ಲ. ಹಳೆಯ ಮಾದರಿಯ ಫ್ಯಾನು ಸುಮಾರು 75 ವ್ಯಾಟ್ ತಿನ್ನುತ್ತದೆ. ಈಗ ಬಂದಿರುವ, ಎಲೆಕ್ಟ್ರಾನಿಕ್ ಬೋರ್ಡಿನಿಂದ ಓಡುವ ಹೊಸ ಬಗೆಯ ಮೋಟರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್ ಆಸುಪಾಸು ಸಾಕು. ವ್ಯತ್ಯಾಸ 45 ವ್ಯಾಟ್. ದಿನಕ್ಕೆ 12 ಗಂಟೆ, ವರ್ಷಕ್ಕೆ 300 ದಿನ ಓಡಿತು ಎಂದುಕೊಳ್ಳಿ. ಉಳಿಯುವುದು 162 ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ ಕರೆಂಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ. ಅಂದರೆ ಒಂದು ಫ್ಯಾನಿನಿಂದ ವರ್ಷಕ್ಕೆ 100 ಕೆಜಿಗೂ ಜಾಸ್ತಿ ಉಳಿತಾಯ. ಇಡೀ ಫ್ಯಾನಿನ ತೂಕವೇ ನಾಲ್ಕೈದು ಕೆಜಿ. ರೆಕ್ಕೆಯನ್ನು ಬಿದಿರಿನಿಂದ ಮಾಡುವುದಾ, ಅಲ್ಯೂಮಿನಿಯಮ್‌ನಿಂದ ಮಾಡುವುದಾ ಎಂದು ವಾರಗಟ್ಟಲೆ ಚರ್ಚೆ ಮಾಡುವ ವಿದ್ಯಾರ್ಥಿಗಳಿಗೆ ಮೊದಲು ಈ ಗುಣಾಕಾರ ಮಾಡಲು ಹೇಳುತ್ತೇನೆ. ವರ್ಷಗಟ್ಟಲೆ ಕರೆಂಟು ಕುಡಿಯುವ ವಸ್ತುವಿನಲ್ಲಿ ಮೋಟರ್ ಮೊದಲು, ಮೈ ಆಮೇಲೆ. 2023ರಿಂದ ಸೀಲಿಂಗ್ ಫ್ಯಾನಿಗೆ ಸ್ಟಾರ್ ಲೇಬಲ್ ಕಡ್ಡಾಯವಾಗಿದ್ದೂ ಇದೇ ಕಾರಣಕ್ಕೆ.

ಹಾಗಾದರೆ ಬಿಎಲ್‌ಡಿಸಿ ಗೆದ್ದಿತು ಅಲ್ವಾ? ಸ್ವಲ್ಪ ನಿಲ್ಲಿ. ಹಳೆಯ ಫ್ಯಾನು ನಿಧಾನವಾದರೆ ಏನು ಮಾಡುತ್ತೀರಿ? ಪಕ್ಕದ ಎಲೆಕ್ಟ್ರಿಕಲ್ ಅಂಗಡಿಗೆ ಹೋಗಿ 2.5 ಮೈಕ್ರೊಫ್ಯಾರಡ್ ಕಂಡೆನ್ಸರ್ ಕೇಳುತ್ತೀರಿ. ಯಾವ ಕಂಪನಿಯ ಫ್ಯಾನಾದರೂ ಹೆಚ್ಚುಕಡಿಮೆ ಅದೇ. ಊರಿನ ಎಲೆಕ್ಟ್ರಿಷಿಯನ್ ಸ್ಟೂಲ್ ಹತ್ತಿ ಹಾಕಿ ಹೋಗುತ್ತಾನೆ. ಬೇರಿಂಗ್ ಸವೆದರೆ ಬೇರಿಂಗ್, ಸುರುಳಿ ಸುಟ್ಟರೆ ರಿವೈಂಡಿಂಗ್. ಬಿಎಲ್‌ಡಿಸಿ ಫ್ಯಾನಿನಲ್ಲಿ ಒಂದು ಎಲೆಕ್ಟ್ರಾನಿಕ್ ಬೋರ್ಡ್ ಇರುತ್ತದೆ. ಒಂದೊಂದು ಕಂಪನಿಯದು ಒಂದೊಂದು ಥರ. ಮಳೆಗಾಲದಲ್ಲಿ ಗುಡುಗು ಸಿಡಿಲಿಗೆ, ವೋಲ್ಟೇಜ್ ಏರುಪೇರಿಗೆ ಮೊದಲು ಹೋಗುವುದೇ ಅದು. ನಿಮ್ಮೂರಿನ ವೋಲ್ಟೇಜ್ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ಆ ಬೋರ್ಡ್ ಬಿಡಿಯಾಗಿ ಸಿಗದಿದ್ದರೆ ಕೆಟ್ಟದ್ದು ಅಂಗೈಯಗಲದ ಭಾಗ, ಗುಜರಿಗೆ ಹೋಗುವುದು ಇಡೀ ಫ್ಯಾನು.

ಡಿಸೈನರ್‌ಗೆ ಕೆಲಸ ಇರುವುದು ಇಲ್ಲಿ. ಬೋರ್ಡನ್ನು ಮೋಟರಿನ ಹೊಟ್ಟೆಯೊಳಗೆ ಇಡುವ ಬದಲು ಚಾವಣಿಯ ಹತ್ತಿರ ಕೊಕ್ಕೆಯನ್ನು ಮುಚ್ಚುವ ಕಪ್ ಒಳಗೆ ಇಟ್ಟರೆ ಫ್ಯಾನು ಇಳಿಸದೆಯೇ ಬದಲಿಸಬಹುದು. ಬೆಸುಗೆಯ ಬದಲು ಪ್ಲಗ್ ಇದ್ದರೆ ಯಾರು ಬೇಕಾದರೂ ಬದಲಿಸಬಹುದು. ಕಂಪನಿಯ ಹತ್ತು ಮಾದರಿಗೂ ಒಂದೇ ಬೋರ್ಡ್ ಆದರೆ ಅಂಗಡಿಯವನು ಸ್ಟಾಕ್ ಇಡುತ್ತಾನೆ. ಸರ್ಜ್, ಅಂದರೆ ವೋಲ್ಟೇಜ್ ದಿಢೀರನೆ ಏರುವುದನ್ನು ತಡೆಯುವ ಭಾಗಕ್ಕೆ ಇನ್ನೂ ಸ್ವಲ್ಪ ದುಡ್ಡು ಹಾಕಿ ಎಂದು ಪರ್ಚೇಸ್ ವಿಭಾಗದ ಜೊತೆ ವಾದ ಮಾಡಬೇಕು. ಈ ವಾದದಲ್ಲಿ "ಪರಿಸರ" ಎಂಬ ಮಾತು ಎತ್ತಿದರೆ ಅರ್ಧ ಜನ ಫೋನ್ ನೋಡುತ್ತಾರೆ. "ವಾರಂಟಿಯಲ್ಲಿ ವಾಪಸ್ ಬರುವ ಫ್ಯಾನು ಕಡಿಮೆಯಾಗುತ್ತದೆ" ಎಂದರೆ ಎಲ್ಲರೂ ಕೇಳುತ್ತಾರೆ. ಎರಡೂ ನಿಜವೇ. ಯಾವುದನ್ನು ಯಾರ ಮುಂದೆ ಹೇಳಬೇಕು ಎಂಬುದು ಈ ವೃತ್ತಿಯಲ್ಲಿ ಕಲಿಯಲೇಬೇಕಾದ ವಿದ್ಯೆ. ಯಾವ ಡಿಸೈನ್ ಕಾಲೇಜಿನಲ್ಲೂ ಇದಕ್ಕೆ ಪೇಪರ್ ಇಲ್ಲ.

ಮನೆಯ ಮಿಕ್ಸಿಯನ್ನೂ ಒಮ್ಮೆ ಈ ಕಣ್ಣಿನಿಂದ ನೋಡಿ. ಜಾರ್ ಕೂರುವ ಜಾಗದಲ್ಲಿ ರಬ್ಬರಿನದೋ ಪ್ಲಾಸ್ಟಿಕ್‌ನದೋ ಕಪ್ಲರ್ ಇರುತ್ತದೆ. ಬ್ಲೇಡು ಸಿಕ್ಕಿಕೊಂಡರೆ ಮೊದಲು ಅದು ಹರಿಯುತ್ತದೆ, ಮೋಟರ್ ಉಳಿಯುತ್ತದೆ. ಕೆಲವೇ ರೂಪಾಯಿಯ ಭಾಗ, ಪಾತ್ರೆ ಅಂಗಡಿಯಲ್ಲೂ ಸಿಗುತ್ತದೆ. ಜೊತೆಗೆ ಕಾರ್ಬನ್ ಬ್ರಷ್, ಜಾರಿನ ಬುಷ್, ಗ್ಯಾಸ್ಕೆಟ್, ತಳದಲ್ಲಿರುವ ಕೆಂಪು ಓವರ್‌ಲೋಡ್ ಬಟನ್. ಸವೆಯುವುದು ಯಾವುದು, ಉಳಿಯಬೇಕಾದ್ದು ಯಾವುದು ಎಂದು ಯಾರೋ ಮೊದಲೇ ವಿಂಗಡಿಸಿ ಇಟ್ಟಿದ್ದಾರೆ. 1963ರಲ್ಲಿ ಎಸ್.ಪಿ. ಮಾಥುರ್ "ಸುಮೀತ್" ಮಿಕ್ಸಿ ತಂದದ್ದೇ ವಿದೇಶಿ ಬ್ಲೆಂಡರುಗಳ ಮೋಟರ್ ನಮ್ಮ ಮಸಾಲೆ ರುಬ್ಬಲು ತಡೆಯುತ್ತಿರಲಿಲ್ಲ ಎಂಬ ಕಾರಣಕ್ಕೆ. ಆ ಮಿಕ್ಸಿಯ ಮೇಲೆ ಯಾರೂ ಹಸಿರು ಎಲೆಯ ಚಿತ್ರ ಅಂಟಿಸಲಿಲ್ಲ. ಆದರೂ ನಮ್ಮ ಅಡುಗೆಮನೆಗಳಲ್ಲಿ ರಿಪೇರಿ ಆಗುತ್ತಾ ದಶಕಗಟ್ಟಲೆ ಓಡಿದ ವಸ್ತು ಅದು.

ಬಟ್ಟೆ ಚೀಲದ ಬಗ್ಗೆಯೂ ಒಂದು ಮಾತು. ಸಭೆ ಸಮಾರಂಭಗಳಲ್ಲಿ ಪುಕ್ಕಟೆ ಹಂಚುತ್ತಾರಲ್ಲ, ಅವುಗಳ ಬಗ್ಗೆ. ಡೆನ್ಮಾರ್ಕ್‌ನ ಪರಿಸರ ಇಲಾಖೆ 2018ರಲ್ಲಿ ಮಾಡಿಸಿದ ಅಧ್ಯಯನದ ಪ್ರಕಾರ, ಹವಾಮಾನದ ಲೆಕ್ಕ ಒಂದನ್ನೇ ತೆಗೆದುಕೊಂಡರೂ ಸಾಮಾನ್ಯ ಹತ್ತಿಯ ಚೀಲವನ್ನು 52 ಸಲ ಬಳಸಿದರೆ ಮಾತ್ರ ಅದು ತೆಳು ಪ್ಲಾಸ್ಟಿಕ್ ಚೀಲಕ್ಕೆ ಸಮ. ನೀರು, ಮಣ್ಣು, ಓಝೋನ್ ಎಲ್ಲ ಸೇರಿಸಿದರೆ ಆ ಸಂಖ್ಯೆ ಸಾವಿರಗಳಿಗೆ ಏರುತ್ತದೆ. ಆದರೆ ಆ ಲೆಕ್ಕದಲ್ಲಿ ಬೀದಿ ಹಸುವಿನ ಹೊಟ್ಟೆ ಇಲ್ಲ, ಮಳೆನೀರಿನ ಚರಂಡಿ ಇಲ್ಲ. ಡೆನ್ಮಾರ್ಕ್‌ನಲ್ಲಿ ಕಸ ಬೀದಿಗೆ ಬೀಳುವುದೇ ಕಡಿಮೆ, ಹಾಗಾಗಿ ಅವರ ಲೆಕ್ಕ ಅವರಿಗೆ ಸರಿ. ಜೀವನಚಕ್ರದ ಲೆಕ್ಕ, ಅಂದರೆ ವಸ್ತು ಹುಟ್ಟಿದಾಗಿನಿಂದ ಕಸವಾಗುವವರೆಗೆ ಪರಿಸರಕ್ಕೆ ಆಗುವ ಹೊರೆಯ ಲೆಕ್ಕ ಹಾಕುವುದನ್ನು ಖಂಡಿತ ಕಲಿಯಿರಿ. ಐಎಸ್‌ಒ 14040 ಎಂಬ ಮಾನಕ ಇದೆ, ಓಪನ್‌ಎಲ್‌ಸಿಎ ಎಂಬ ತಂತ್ರಾಂಶ ಪುಕ್ಕಟೆ ಸಿಗುತ್ತದೆ. ಆದರೆ ಪ್ರತಿ ಸಲವೂ ಆ ಲೆಕ್ಕದಿಂದ ಏನನ್ನು ಹೊರಗಿಟ್ಟಿದ್ದಾರೆ ಎಂದು ಕೇಳಿ. ಇನ್ನೊಂದು ಎಚ್ಚರಿಕೆ: "ವಸ್ತುವಿನ ಪರಿಸರ ಪರಿಣಾಮದ ಶೇ 80 ಭಾಗ ವಿನ್ಯಾಸದ ಹಂತದಲ್ಲೇ ತೀರ್ಮಾನ ಆಗುತ್ತದೆ" ಎಂಬ ಮಾತು ಎಲ್ಲ ಭಾಷಣಗಳಲ್ಲೂ ಬರುತ್ತದೆ. ನಾನು ಅದನ್ನು ಹೇಳುವುದು ಬಿಟ್ಟಿದ್ದೇನೆ. ಅದು ಅಳೆದು ಬಂದದ್ದಕ್ಕಿಂತ ಬಾಯಿಂದ ಬಾಯಿಗೆ ಬಂದ ಸಂಖ್ಯೆ. ಆ ಪಾಲು ಫ್ಯಾನಿಗೆ ಒಂದು, ಚೀಲಕ್ಕೆ ಇನ್ನೊಂದು.

ಈಗ ನಿಮಗೆ ಒಬ್ಬರ ವೃತ್ತಿಜೀವನವನ್ನು ತೋರಿಸಬೇಕು. ವಿನ್ಯಾಸ, ಪರಿಸರ, ಪಾಠ ಈ ಮೂರೂ ಒಂದೇ ಬದುಕಿನಲ್ಲಿ ಸೇರುವುದು ಹೇಗೆ ಎಂದು ಕೇಳಿದರೆ ನನಗೆ ಮೊದಲು ನೆನಪಾಗುವುದು ಬೆಂಗಳೂರಿನ ಪೂನಂ ಬೀರ್ ಕಸ್ತೂರಿ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ, ಅಂದರೆ ಎನ್‌ಐಡಿಯಲ್ಲಿ ಓದಿದ ಇಂಡಸ್ಟ್ರಿಯಲ್ ಡಿಸೈನರ್. ಬೆಂಗಳೂರಿನ ಸೃಷ್ಟಿ ವಿನ್ಯಾಸ ಶಾಲೆ ಶುರುವಾದಾಗ ಅದರ ಮೊದಲ ಬೋಧಕರಲ್ಲಿ ಒಬ್ಬರು. 2006ರಲ್ಲಿ "ಡೈಲಿ ಡಂಪ್" ಶುರು ಮಾಡಿದರು. ಅಡುಗೆಮನೆಯ ಹಸಿಕಸವನ್ನು ಮನೆಯಲ್ಲೇ ಗೊಬ್ಬರ ಮಾಡುವ ಮಣ್ಣಿನ ಮಡಕೆಗಳ ಉದ್ಯಮ ಅದು.

ಅವರ "ಕಂಬ" ಎಂಬ ವಸ್ತುವನ್ನು ಗಮನಿಸಿ. ಒಂದರ ಮೇಲೊಂದು ಮೂರು ಮಡಕೆ. ಮೇಲಿನದು ತುಂಬಿದಾಗ ನಡುವಿನದರ ಜೊತೆ ಅದಲುಬದಲು ಮಾಡುವುದು. ಅದೂ ತುಂಬಿದರೆ ಹದವಾಗುತ್ತಿರುವುದನ್ನು ತಳದ ಮಡಕೆಗೆ ಸುರಿಯುವುದು. ಸುಟ್ಟ ಮಣ್ಣು ತೇವ ಹೀರುತ್ತದೆ, ಉಸಿರಾಡುತ್ತದೆ. ಹಸಿಕಸ ನಾರುವುದು ಗಾಳಿ ಸಿಗದೆ ಕೊಳೆತಾಗ. ಇಲ್ಲಿ ಮಡಕೆಯ ಗೋಡೆಯೇ ಅರ್ಧ ಕೆಲಸ ಮಾಡುತ್ತದೆ. ಆದರೂ ಅನ್ನ, ತರಕಾರಿ ಸಿಪ್ಪೆಯಲ್ಲಿ ನೀರಿನಂಶ ಜಾಸ್ತಿ. ಒಣ ಎಲೆ, ತೆಂಗಿನ ನಾರಿನ ಪುಡಿ ಇಂಥದ್ದನ್ನು ಬೆರೆಸಲೇಬೇಕು. ಅದಕ್ಕೂ ಅವರು ಪುಡಿ ಮಾರಿದರು, ಬಳಸುವುದನ್ನು ಹೇಳಿಕೊಡುವ ವ್ಯವಸ್ಥೆ ಮಾಡಿದರು. ನನಗೆ ಇದರಲ್ಲಿ ತುಂಬಾ ಮುಖ್ಯ ಅನ್ನಿಸುವುದು ಆ ಕೊನೆಯ ಭಾಗ. ಹುಳ ನೋಡಿ ಹೆದರಿದವರಿಗೆ "ಇದು ಸಹಜ, ಹೀಗೆ ಮಾಡಿ" ಎಂದು ಹೇಳಲು ಒಬ್ಬರು ಇರದಿದ್ದರೆ, ಎಷ್ಟೇ ಚೆಂದದ ಮಡಕೆಯಾದರೂ ತಿಂಗಳೊಳಗೆ ಬಾಲ್ಕನಿಯ ಮೂಲೆ ಸೇರುತ್ತದೆ. ವಸ್ತು ಮತ್ತು ಸೇವೆ ಎರಡನ್ನೂ ಒಟ್ಟಿಗೆ ವಿನ್ಯಾಸ ಮಾಡಿದ್ದರಿಂದ ಅದು ನಿಂತಿತು.

ಇನ್ನೊಂದು ಸಂಗತಿ ಡಿಸೈನರುಗಳಿಗೆ ಅರಗಿಸಿಕೊಳ್ಳಲು ಕಷ್ಟವಾದದ್ದು. ತಮ್ಮ ವಿನ್ಯಾಸವನ್ನು ಬೇರೆ ಊರಿನವರು ಮಾಡಿ ಮಾರಲು ಅವರು ಬಿಟ್ಟರು. ಅಂಥವರನ್ನು "ಕ್ಲೋನ್" ಎಂದು ಕರೆದರು. ಮಣ್ಣಿನ ಮಡಕೆಯನ್ನು ಬೆಂಗಳೂರಿನಿಂದ ಲಾರಿಯಲ್ಲಿ ದೂರದೂರಿಗೆ ಸಾಗಿಸಿದರೆ ದಾರಿಯಲ್ಲಿ ಒಡೆಯುವುದು ಒಂದು ಕಡೆ, ಡೀಸೆಲ್ ಖರ್ಚು ಇನ್ನೊಂದು ಕಡೆ. ಆಯಾ ಊರಿನ ಕುಂಬಾರರೇ ಮಾಡುವುದು ವ್ಯಾಪಾರಕ್ಕೂ ಸರಿ, ಪರಿಸರಕ್ಕೂ ಸರಿ. 2012ರಲ್ಲಿ ಮಾವಳ್ಳಿಪುರದ ಕಸದ ಗುಂಡಿ ಮುಚ್ಚಿ ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿ ಬಿದ್ದಾಗ ನಗರಕ್ಕೆ ಮನೆಗೊಬ್ಬರದ ನೆನಪಾಯಿತು. ಆ ಹೊತ್ತಿಗೆ ಈ ಮಡಕೆಗಳು ಆರು ವರ್ಷದಿಂದ ಮನೆಗಳಲ್ಲಿ ಕೆಲಸ ಮಾಡುತ್ತಿದ್ದವು.

ಈ ಬದುಕಿನ ಕ್ರಮ ನೋಡಿ: ಓದು, ಪಾಠ, ಆಮೇಲೆ ಉದ್ಯಮ. ನೀವು ಯೋಚಿಸಿರುವುದಕ್ಕೆ ಉಲ್ಟಾ. ಹಾಗಾಗಿ "ಮೊದಲು ಹತ್ತು ವರ್ಷ ದುಡಿದು ಆಮೇಲೆ ಪಾಠ" ಎಂಬುದು ಶಾಸನವೇನಲ್ಲ. ಎನ್‌ಐಡಿಯ ಎಂ.ಪಿ. ರಂಜನ್ ಅವರಂತೂ ಎರಡನ್ನೂ ಬೇರೆ ಮಾಡಲೇ ಇಲ್ಲ. ದಶಕಗಟ್ಟಲೆ ಪಾಠ ಮಾಡಿದರು, ಅದೇ ಕಾಲದಲ್ಲಿ ಈಶಾನ್ಯ ರಾಜ್ಯಗಳ ಬಿದಿರು, ಬೆತ್ತದ ಕಸುಬುಗಳನ್ನು ಊರೂರು ತಿರುಗಿ ದಾಖಲೆ ಮಾಡಿದರು. 2015ರಲ್ಲಿ ತೀರಿಕೊಂಡರು. ಅವರ ಬಿದಿರಿನ ಕೆಲಸಕ್ಕೂ ನಿಮ್ಮ ಅಪ್ಪ ಹೇಳಿದ ಬ್ರಷ್‌ಗೂ ಬಹಳ ದೂರ. ಬಿದಿರು ಬೆಳೆಯುವವರು ಯಾರು, ಸೀಳುವವರು ಯಾರು, ಹುಳ ಹತ್ತದಂತೆ ಹದ ಮಾಡುವುದು ಹೇಗೆ, ಕೊಳ್ಳುವವರು ಯಾರು ಎನ್ನುವವರೆಗೂ ಅವರ ವಿನ್ಯಾಸ ಚಾಚಿಕೊಳ್ಳುತ್ತಿತ್ತು.

ಇನ್ನು ಓದು. ನಿಮಗೆ ಬಿ.ಇ. ಇರುವುದರಿಂದ ಎಂ.ಡೆಸ್., ಅಂದರೆ ವಿನ್ಯಾಸದ ಸ್ನಾತಕೋತ್ತರ ಪದವಿ, ನೇರ ದಾರಿ. ನಮ್ಮ ಮನೆ ಬಾಗಿಲಲ್ಲೇ ಇರುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ. ಅಲ್ಲಿನ ಎಂ.ಡೆಸ್. ಎಂಜಿನಿಯರುಗಳಿಗೆ ಚೆನ್ನಾಗಿ ಹೊಂದುತ್ತದೆ, ಪರಿಸರಸ್ನೇಹಿ ವಿನ್ಯಾಸದ ಸಂಶೋಧನೆಯೂ ನಡೆಯುತ್ತದೆ. ಬಾಂಬೆ ಐಐಟಿಯ ವಿನ್ಯಾಸ ಶಾಲೆ ಐಡಿಸಿ 1969ರಿಂದ ಇದೆ. ದೆಹಲಿ, ಗುವಾಹಟಿ ಐಐಟಿಗಳಲ್ಲೂ ಇದೆ. ಇವುಗಳಿಗೆ ಮುಖ್ಯ ಬಾಗಿಲು ಸೀಡ್ ಪರೀಕ್ಷೆ. ವಿಜ್ಞಾನ ಸಂಸ್ಥೆ ಗೇಟ್ ಅಂಕವನ್ನೂ ನೋಡುತ್ತದೆ. ಎನ್‌ಐಡಿಗೆ ಅದರದೇ ಪರೀಕ್ಷೆ, ಹೆಸರು ಡ್ಯಾಟ್. ಬೆಂಗಳೂರಿನಲ್ಲಿ ಎನ್‌ಐಡಿ ಕ್ಯಾಂಪಸ್ ಇದೆಯಲ್ಲ ಎಂದು ಕೇಳುವವರು ಜಾಸ್ತಿ. ಇದೆ, ಆದರೆ ಅಲ್ಲಿ ಕೆಲವು ವಿಷಯಗಳ ಎಂ.ಡೆಸ್. ಮಾತ್ರ. ಪ್ರಾಡಕ್ಟ್ ಡಿಸೈನ್‌ಗೆ ಅಹಮದಾಬಾದ್ ನೋಡಿ. ಸರ್ಕಾರಿ ಸಂಸ್ಥೆಗಳ ಎಂ.ಡೆಸ್.ಗೆ ಅರ್ಹರಿಗೆ ತಿಂಗಳ ವಿದ್ಯಾರ್ಥಿವೇತನ ಸಿಗುವ ಅವಕಾಶ ಇದೆ. ಮನೆಯಲ್ಲಿ ಮಾತಾಡುವಾಗ ಇದನ್ನು ಮೊದಲು ಹೇಳಿ. ಖಾಸಗಿ ಕಾಲೇಜಿಗೆ ದೊಡ್ಡ ಸಾಲ ಮಾಡಿ ಸೇರುವ ಮುಂಚೆ ಅಲ್ಲಿನ ವರ್ಕ್‌ಶಾಪ್ ನೋಡಿ ಬನ್ನಿ. ಯಂತ್ರಗಳ ಮೇಲೆ ಧೂಳಿದ್ದರೆ, ಅಥವಾ ಎಲ್ಲ ಹೊಸದಾಗಿ ಹೊಳೆಯುತ್ತಿದ್ದರೆ, ವಾಪಸ್ ಬನ್ನಿ.

ಚಿತ್ರ ಬರೆಯಲು ಬರುವುದಿಲ್ಲ ಎಂದಿದ್ದೀರಿ. ಸೀಡ್‌ನ ಎರಡನೇ ಭಾಗದಲ್ಲಿ ಕೈಯಲ್ಲಿ ಬರೆಯಲೇಬೇಕು, ತಪ್ಪಿಸಿಕೊಳ್ಳುವ ಹಾಗಿಲ್ಲ. ಆದರೆ ಅಲ್ಲಿ ಬೇಕಾಗಿರುವುದು ಚಿತ್ರಕಲಾವಿದನ ಕೈ ಅಲ್ಲ. ವಸ್ತು ಹೇಗೆ ಜೋಡಣೆಯಾಗುತ್ತದೆ, ಹೇಗೆ ಕೈಗೆ ಸಿಗುತ್ತದೆ ಎಂದು ನೋಡಿದವರಿಗೆ ತಿಳಿದರೆ ಸಾಕು. ಎಂಜಿನಿಯರಿಂಗ್ ಡ್ರಾಯಿಂಗ್ ಗೊತ್ತಿರುವ ನಿಮಗೆ ಆಕಾರದ ಅರಿವು ಆಗಲೇ ಇದೆ. ದಿನಾ ಅರ್ಧ ಗಂಟೆ ಸ್ಕೇಲ್ ಇಲ್ಲದೆ ಕುಕ್ಕರ್ ಮುಚ್ಚಳ, ನಲ್ಲಿ, ಬೈಕಿನ ಬ್ರೇಕ್ ಲಿವರ್ ಬರೆಯಿರಿ. ಒಳಗಿನ ಭಾಗವನ್ನು ಊಹಿಸಿ ಬರೆಯಿರಿ, ಆಮೇಲೆ ಬಿಚ್ಚಿ ನೋಡಿ. ಮನುಷ್ಯರ ಕೈಗಳನ್ನು ಬರೆಯುವುದು ಮಾತ್ರ ನಿಜವಾಗಿಯೂ ಕಷ್ಟ, ಅದಕ್ಕೆ ಜಾಸ್ತಿ ಹೊತ್ತು ಕೊಡಿ.

ಎಂ.ಡೆಸ್. ಸಿಗದಿದ್ದರೆ? ಬಾಗಿಲು ಮುಚ್ಚಲಿಲ್ಲ. ಪ್ಲಾಸ್ಟಿಕ್ ಭಾಗ ಹೇಗೆ ಅಚ್ಚಿನಿಂದ ಬರುತ್ತದೆ ಎಂದು ತಿಳಿದ ಡಿಸೈನರ್‌ಗೆ ಬೆಂಗಳೂರಿನಲ್ಲಿ ಬೆಲೆ ಇದೆ. ಜಿಟಿಟಿಸಿ, ಅಂದರೆ ಅಚ್ಚು ಮಾಡುವುದನ್ನು ಕಲಿಸುವ ಸರ್ಕಾರಿ ಟೂಲ್ ರೂಮ್, 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಶುರುವಾದದ್ದು. ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನ ಕಲಿಸುವ ಸಿಪೆಟ್ ಇದೆ. ಇಂಥ ಕಡೆಯ ಸಣ್ಣ ಕೋರ್ಸು ಕೂಡ ನಿಮ್ಮ ಕ್ಯಾಡ್ ಕೆಲಸದ ದಿಕ್ಕು ಬದಲಿಸುತ್ತದೆ. ಸಾಮಾನ್ಯವಾಗಿ ಡಿಸೈನ್ ಪದವೀಧರರಿಗೆ ಸೋಲುಂಟಾಗುವುದು ಅಚ್ಚಿನ ಮುಂದೆ. ಚೆಂದದ ಮಾದರಿ ಮಾಡಿರುತ್ತಾರೆ, ಪೀಣ್ಯದ ಟೂಲ್ ರೂಮಿನವರು ಡ್ರಾಫ್ಟ್, ಅಂದರೆ ಭಾಗ ಅಚ್ಚಿನಿಂದ ಸಲೀಸಾಗಿ ಹೊರಬರಲು ಕೊಡುವ ಓರೆ, ಎಷ್ಟು ಎಂದು ಕೇಳಿದರೆ ಮುಖ ನೋಡುತ್ತಾರೆ. ನಿಮಗೆ ಆ ತೊಂದರೆ ಇಲ್ಲ.

ಕೆಲಸ ಹೆಚ್ಚುತ್ತದಾ ಎಂಬುದಕ್ಕೆ ನನ್ನ ಉತ್ತರ ಹೌದು, ಕಾರಣ ಜನರ ಪರಿಸರ ಪ್ರೇಮಕ್ಕಿಂತ ಕಾನೂನು. ಇ-ತ್ಯಾಜ್ಯದ ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ವಸ್ತು ಮಾಡಿ ಮಾರಿದ ಕಂಪನಿಯೇ ಅದರ ಕೊನೆಗಾಲದ ಮರುಬಳಕೆಗೂ ಹೊಣೆ ಎನ್ನುತ್ತವೆ ಅವು. ಫ್ರಾನ್ಸಿನಲ್ಲಿ 2021ರಲ್ಲಿ ಮೊಬೈಲ್, ಲ್ಯಾಪ್‌ಟಾಪ್, ಟಿವಿ, ವಾಷಿಂಗ್ ಮಷೀನ್‌ಗಳಿಗೆ ಹತ್ತಕ್ಕೆ ಇಷ್ಟು ಎಂದು ರಿಪೇರಿ ಅಂಕ ಹಾಕಲು ಶುರು ಮಾಡಿದರು. ಬಿಚ್ಚಲು ಎಷ್ಟು ಸುಲಭ, ಬಿಡಿಭಾಗದ ಬೆಲೆ ಎಷ್ಟು ಎಲ್ಲ ಅದರಲ್ಲಿ ಸೇರಿತ್ತು. ವಸ್ತು ಬಾಳಿಕೆ ಬರಬೇಕು, ರಿಪೇರಿಗೆ ಸಿಗಬೇಕು ಎನ್ನುವ ಯುರೋಪಿನ ಹೊಸ ಎಕೋಡಿಸೈನ್ ಕಾನೂನು 2024ರ ಜುಲೈನಲ್ಲಿ ಜಾರಿಗೆ ಬಂತು. ಅಲ್ಲಿಗೆ ಮಾಲು ಕಳಿಸುವ ಕಂಪನಿಗಳು ಇಲ್ಲಿಯೇ ಉತ್ತರ ಸಿದ್ಧ ಮಾಡಬೇಕು. ನಮ್ಮ ಗ್ರಾಹಕ ವ್ಯವಹಾರ ಇಲಾಖೆಯೂ 2022ರ ಡಿಸೆಂಬರ್‌ನಲ್ಲಿ ರಿಪೇರಿ ಹಕ್ಕಿನ ಪೋರ್ಟಲ್ ತೆರೆದಿದೆ. ಅದು ಸದ್ಯಕ್ಕೆ ಮಾಹಿತಿಯ ಜಾಗ, ಹಲ್ಲಿರುವ ಕಾನೂನಲ್ಲ. ದೊಡ್ಡ ಕಂಪನಿ ಬೇಡ ಎಂದರೆ ಸೆಲ್ಕೋದಂಥ ಸಂಸ್ಥೆಗಳಿವೆ. ಹರೀಶ್ ಹಂದೆ 1995ರಲ್ಲಿ ಶುರು ಮಾಡಿದ್ದು. ಸೋಲಾರ್ ದೀಪ ಮಾರುವುದರ ಜೊತೆಗೆ ಗ್ರಾಮೀಣ ಬ್ಯಾಂಕಿನ ಸಾಲ, ಹತ್ತಿರದಲ್ಲೇ ಸರ್ವಿಸ್ ಎರಡನ್ನೂ ಹೊಂದಿಸಿದರು. ಇಂಥ ಕಡೆ ಸಂಬಳ ಕಡಿಮೆ ಇರಬಹುದು, ಕಲಿಕೆ ಜಾಸ್ತಿ.

ಪಾಠದ ವಿಷಯಕ್ಕೆ ಬರುತ್ತೇನೆ. ಕಾಯಂ ಬೋಧಕರಾಗಲು ಬಹುಪಾಲು ಕಡೆ ಸ್ನಾತಕೋತ್ತರ ಪದವಿ ಬೇಕು, ಮುಂದೆ ಬಡ್ತಿಗೆ ಪಿಎಚ್‌.ಡಿ. ಕೇಳುತ್ತಾರೆ. ಆದರೆ ಡಿಸೈನ್ ಶಾಲೆಗಳಲ್ಲಿ ಇನ್ನೊಂದು ಬಾಗಿಲಿದೆ. ಎರಡು ಮೂರು ವಾರದ ಒಂದು ಮಾಡ್ಯೂಲ್ ನಡೆಸಲು, ವಿದ್ಯಾರ್ಥಿಗಳ ಕೆಲಸವನ್ನು ಅಳೆಯುವ ಜ್ಯೂರಿಯಲ್ಲಿ ಕೂರಲು ಕಂಪನಿಯಲ್ಲಿ ಕೆಲಸ ಮಾಡುವವರನ್ನು ಅತಿಥಿಗಳಾಗಿ ಕರೆಯುತ್ತಾರೆ. ನಾಲ್ಕೈದು ವರ್ಷ ಕೆಲಸ ಮಾಡಿ, ಮಾರುಕಟ್ಟೆಗೆ ಹೋದ ಒಂದೆರಡು ವಸ್ತು ಕೈಯಲ್ಲಿದ್ದರೆ ನಿಮ್ಮನ್ನೂ ಕರೆಯುತ್ತಾರೆ. ಪಾಠ ನಿಮಗೆ ಒಗ್ಗುತ್ತದಾ ಎಂದು ಅಲ್ಲಿ ನೋಡಿಕೊಳ್ಳಿ. ಅತಿಥಿ ಬೋಧಕರ ಸಂಭಾವನೆಯನ್ನೇ ನಂಬಿ ಮನೆ ನಡೆಸುವುದು ಕಷ್ಟ, ದುಡ್ಡು ತಡವಾಗಿ ಬರುವುದೂ ಮಾಮೂಲಿ.

ಸ್ಟುಡಿಯೊ ಪಾಠ ಎಂದರೆ ಬೋರ್ಡಿನ ಮುಂದೆ ನಿಂತು ಮಾತಾಡುವುದಲ್ಲ. ಒಬ್ಬೊಬ್ಬರ ಮೇಜಿನ ಪಕ್ಕ ಕೂತು ಅವರು ಮಾಡಿದ್ದನ್ನು ನೋಡಬೇಕು. "ಚೆನ್ನಾಗಿದೆ" ಎಂದರೆ ಕಲಿಯುವುದಿಲ್ಲ, "ಚೆನ್ನಾಗಿಲ್ಲ" ಎಂದರೆ ಮುದುಡಿಕೊಳ್ಳುತ್ತಾರೆ. ಪ್ರಶ್ನೆ ಕೇಳುವುದೇ ದಾರಿ. ನಾನು ವಿದ್ಯಾರ್ಥಿಗಳನ್ನು ಬೆಂಗಳೂರಿನ ಜಾಲಿ ಮೊಹಲ್ಲಾದ ಗುಜರಿ ಅಂಗಡಿಗಳಿಗೆ, ವಾರ್ಡಿನ ಒಣಕಸ ಸಂಗ್ರಹ ಕೇಂದ್ರಕ್ಕೆ ಕರೆದುಕೊಂಡು ಹೋಗುತ್ತೇನೆ. ಕಸ ವಿಂಗಡಿಸುವ ಹೆಂಗಸರು ಪ್ಲಾಸ್ಟಿಕ್ ಬಗ್ಗೆ ಹೇಳುವುದನ್ನು ಯಾವ ಪಠ್ಯವೂ ಅಷ್ಟು ಚುರುಕಾಗಿ ಹೇಳುವುದಿಲ್ಲ. ಬಣ್ಣವಿಲ್ಲದ ನೀರಿನ ಬಾಟಲಿಗೆ ಒಳ್ಳೆ ರೇಟು. ಅದೇ ಬಾಟಲಿ ಹಸಿರು ಬಣ್ಣದ್ದಾದರೆ ಕಡಿಮೆ. ಚಿಪ್ಸ್ ಪ್ಯಾಕೆಟ್ಟಿನಂಥ ಪದರದ ಮೇಲೆ ಪದರ ಇರುವ ಹಾಳೆಗೆ ರೇಟೇ ಇಲ್ಲ. ಬಾಟಲಿಗೆ ಯಾವ ಬಣ್ಣ ಕೊಡಲಿ ಎಂದು ಕಂಪ್ಯೂಟರಿನಲ್ಲಿ ಆಡುತ್ತಿದ್ದ ಹುಡುಗರು ಅಲ್ಲಿಂದ ಬಂದ ಮೇಲೆ ಸುಮ್ನೆ ಬಣ್ಣ ಹಾಕುವುದಿಲ್ಲ.

ಇದೇನು ಹೊಸ ವಿಚಾರವಲ್ಲ. 1958ರಲ್ಲಿ ಭಾರತ ಸರ್ಕಾರ ಅಮೆರಿಕದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಯಿಂದ ಒಂದು ವರದಿ ಬರೆಸಿತು. 1961ರಲ್ಲಿ ಎನ್‌ಐಡಿ ಹುಟ್ಟಿದ್ದು ಅದರಿಂದಲೇ. ಆ ವರದಿಯಲ್ಲಿ ಅವರು ನಮ್ಮ ಚೊಂಬಿನ ಮುಂದೆ ನಿಂತು ಕೇಳುವ ಪ್ರಶ್ನೆಗಳ ಸಾಲು ಇದೆ. ಎಷ್ಟು ನೀರು ಹಿಡಿಯಬೇಕು, ತಲೆಯ ಮೇಲೆ, ಸೊಂಟದಲ್ಲಿ ಹೊತ್ತರೆ ತೂಕ ಹೇಗೆ ನಿಲ್ಲುತ್ತದೆ, ಬಾಯಿ ಎಷ್ಟಗಲ ಇದ್ದರೆ ಉಜ್ಜಲು ಸುಲಭ. ಕೊನೆಗೆ ಗುಜರಿಗೆ ಹಾಕಿದರೆ ಆ ಲೋಹಕ್ಕೆ ಬೆಲೆ ಬರುತ್ತದೆಯೇ ಎಂಬುದೂ ಆ ಸಾಲಿನಲ್ಲಿದೆ. ಅಷ್ಟು ಹಿಂದೆಯೇ ನಮ್ಮ ವಿನ್ಯಾಸ ಶಿಕ್ಷಣದ ಬುನಾದಿಯಲ್ಲಿ ಗುಜರಿಯ ಲೆಕ್ಕ ಇತ್ತು. ನಡುವೆ ಎಲ್ಲೋ ಹೊಳಪಿನ ಚಿತ್ರಗಳ ಹಿಂದೆ ಬಿದ್ದು ಅದನ್ನು ಮರೆತೆವು ಎಂಬುದು ನನ್ನ ದೂರು.

ನಿಮ್ಮ ಕೊನೆಯ ಪ್ರಶ್ನೆಗೆ: ರಾಜೀನಾಮೆ ಈಗ ಬೇಡ. ಸೀಡ್ ಅರ್ಜಿ ಸಾಮಾನ್ಯವಾಗಿ ಅಕ್ಟೋಬರ್ ಹೊತ್ತಿಗೆ ಶುರುವಾಗುತ್ತದೆ, ಪರೀಕ್ಷೆ ಜನವರಿಯಲ್ಲಿ. ಅಂಕ ಒಂದು ವರ್ಷಕ್ಕೆ ಮಾತ್ರ ಚಾಲ್ತಿ. ಅಲ್ಲಿವರೆಗೆ ಕೆಲಸದಲ್ಲೇ ಇದ್ದು, ಮಾಡಿದ ಕೆಲಸ ತೋರಿಸುವ ಪೋರ್ಟ್‌ಫೋಲಿಯೊ ಕಟ್ಟಿ. ಅದಕ್ಕೆ ಹತ್ತು ಹೊಸ ಐಡಿಯಾಗಳು ಬೇಡ, ಒಂದೇ ವಸ್ತು ಸಾಕು. ಕೆಟ್ಟ ಮಿಕ್ಸಿಯೋ ಇಸ್ತ್ರಿಪೆಟ್ಟಿಗೆಯೋ ತಂದು ಬಿಚ್ಚಿ. ಪ್ರತಿ ಭಾಗದ ಫೋಟೊ ತೆಗೆಯಿರಿ, ತೂಕ ಮಾಡಿ, ಯಾವ ಪ್ಲಾಸ್ಟಿಕ್ ಎಂದು ಭಾಗದ ಒಳಮೈಯಲ್ಲಿ ಬರೆದಿದೆಯೇ ನೋಡಿ. ಬಿಚ್ಚಲು ಯಾವ ಉಪಕರಣ ಬೇಕಾಯಿತು, ಎಲ್ಲಿ ಮುರಿಯದೆ ತೆಗೆಯಲು ಆಗಲೇ ಇಲ್ಲ ಎಂದು ಬರೆದಿಡಿ. ಅಂಗಡಿಗೆ ಹೋಗಿ ಕೆಟ್ಟ ಭಾಗದ ಬೆಲೆ ಕೇಳಿ. ರಿಪೇರಿ ಮಾಡುವವರ ಜೊತೆ ಒಂದು ಸಂಜೆ ಕೂತು, ಅವರ ಕೈಗೆ ಹೆಚ್ಚಾಗಿ ಬರುವ ತೊಂದರೆ ಯಾವುದು ಎಂದು ತಿಳಿಯಿರಿ. ಆಮೇಲೆ ಒಂದೇ ಒಂದು ಜೋಡಣೆಯನ್ನು ಬದಲಿಸಿ ಮಾದರಿ ಮಾಡಿ. ಇಷ್ಟು ತಂದ ಅಭ್ಯರ್ಥಿ ಸಂದರ್ಶನದಲ್ಲಿ ಎದ್ದು ಕಾಣುತ್ತಾರೆ, ಕೂತು ನೋಡಿದವನಾಗಿ ಹೇಳುತ್ತೇನೆ.

ನಿಮ್ಮ ಕಂಪನಿಯಲ್ಲೇ ಹುಡುಕಿದರೂ ವಿಷಯ ಸಿಗುತ್ತದೆ. ಬಿಡಿಭಾಗಗಳು ಗ್ರಾಹಕ ಕಂಪನಿಗೆ ರಟ್ಟಿನ ಪೆಟ್ಟಿಗೆಯಲ್ಲಿ ಹೋಗುತ್ತವೋ, ತಿರುಗಿ ಬರುವ ಪ್ಲಾಸ್ಟಿಕ್ ಕ್ರೇಟ್‌ನಲ್ಲೋ? ಪ್ಲಾಸ್ಟಿಕ್ ಭಾಗದೊಳಗೆ ಕೂರಿಸಿದ ಹಿತ್ತಾಳೆಯ ತುಂಡು (ಇನ್ಸರ್ಟ್) ಇದ್ದರೆ ರಿಜೆಕ್ಟ್ ಆದ ಮಾಲನ್ನು ಏನು ಮಾಡುತ್ತಾರೆ? ಮೇಲಿನವರನ್ನು ಕೇಳಿ, ಒಂದು ಸಣ್ಣ ಬದಲಾವಣೆ ಸೂಚಿಸಿ, ಎಷ್ಟು ಉಳಿಯುತ್ತದೆ ಎಂದು ರೂಪಾಯಿಯಲ್ಲೂ ಕೆಜಿಯಲ್ಲೂ ಬರೆದುಕೊಡಿ. ಒಂದೇ ಎಚ್ಚರಿಕೆ: ಲಿಖಿತ ಒಪ್ಪಿಗೆ ಇಲ್ಲದೆ ಕಂಪನಿಯ ಡ್ರಾಯಿಂಗ್, ಭಾಗದ ನಂಬರ್, ಗ್ರಾಹಕರ ಹೆಸರು ಯಾವುದನ್ನೂ ಪೋರ್ಟ್‌ಫೋಲಿಯೊದಲ್ಲಿ ಹಾಕಬೇಡಿ. ಸಮಸ್ಯೆಯನ್ನು ಮಾತಿನಲ್ಲಿ ಹೇಳಿ, ಚಿತ್ರವನ್ನು ನೀವೇ ಹೊಸದಾಗಿ ಬರೆಯಿರಿ. ಹೇಗೂ ಕೈ ಅಭ್ಯಾಸ ಬೇಕಲ್ಲ.